ಎರಡು ಆನಂದಪುರ

ಸಿದ್ದಾಪುರದ ಕಡೆಯ ಆನಂದಪುರ ಎಂದರೆ ನಿಮ್ಮ ಮನಸ್ಸಿಗೆ ಯಾವ ಊರು ಬರುತ್ತದೆ? ಶಿವಮೊಗ್ಗದವರನ್ನು ಕೇಳಿದರೆ ಸಾಗರದ ರಸ್ತೆ ತೋರಿಸುತ್ತಾರೆ. ಆ ದಾರಿಯಲ್ಲಿ ಸಾಗರಕ್ಕೆ ಮೊದಲೇ ಆನಂದಪುರ ಸಿಗುತ್ತದೆ. ಕೆಳದಿ ಅರಸರ ಕಾಲದ ಊರು, ರೈಲು ನಿಲ್ಲುವ ಊರು, ಚಂಪಕ ಸರಸ್ಸು ಎಂಬ ಚೆಲುವಾದ ಕೊಳ ಪಕ್ಕದಲ್ಲೇ ಇರುವ ಊರು. ಅದೇ ದಾರಿಯಲ್ಲಿ ಸಾಗರ, ತಾಳಗುಪ್ಪ ದಾಟಿ ಮುಂದೆ ಹೋದರೆ ಉತ್ತರ ಕನ್ನಡದ ಸಿದ್ದಾಪುರ. ಇದೇ ಪ್ರಶ್ನೆಯನ್ನು ವಿರಾಜಪೇಟೆಯಲ್ಲಿ ಕೇಳಿ ನೋಡಿ. ಅಮ್ಮತ್ತಿಯ ಕಡೆಗೆ ಕೈ ತೋರಿಸುತ್ತಾರೆ. ಕೊಡಗಿನಲ್ಲೂ ಒಂದು ಸಿದ್ದಾಪುರವಿದೆ, ಅದರ ಆಸುಪಾಸಿನಲ್ಲೇ ಒಂದು ಆನಂದಪುರವೂ ಇದೆ. ಒಂದೇ ಹೆಸರಿನ ಜೋಡಿ ನಾಡಿನ ಎರಡು ಮೂಲೆಗಳಲ್ಲಿ ಇದೆ ಎಂದಾಯಿತು.

ಒಂದೇ ಹೆಸರಿನ ಊರುಗಳು ಕನ್ನಡನಾಡಿಗೆ ಹೊಸದೇನಲ್ಲ. ಹೊಸೂರು, ರಾಂಪುರ, ಬಸವನಹಳ್ಳಿ ಇಲ್ಲದ ಜಿಲ್ಲೆಯನ್ನು ಹುಡುಕುವುದೇ ಕಷ್ಟ. ಸಿದ್ದಾಪುರಗಳನ್ನೇ ತೆಗೆದುಕೊಳ್ಳಿ. ಕುಂದಾಪುರದ ಘಟ್ಟದ ಬುಡದಲ್ಲೊಂದಿದೆ, ಬೆಂಗಳೂರಿನ ಜಯನಗರದ ಮಗ್ಗುಲಲ್ಲೊಂದಿದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ 1892ರಲ್ಲಿ ಬಿ.ಎಲ್. ರೈಸ್ ಅವರಿಗೆ ಅಶೋಕನ ಶಾಸನ ಸಿಕ್ಕಿತು. ಅಂಚೆ ಇಲಾಖೆಯವರು ಈ ಗೋಜಲಿಗೆ ಬೇಸತ್ತೇ 1972ರ ಆಗಸ್ಟ್ 15ರಂದು ಪಿನ್‌ಕೋಡ್ ತಂದರು. ಕಾಗದಗಳು ದಾರಿ ತಪ್ಪುವುದು ಅಂದಿನಿಂದ ಕಡಿಮೆಯಾಯಿತು.

ಇತಿಹಾಸಕ್ಕೆ ಮಾತ್ರ ಪಿನ್‌ಕೋಡ್ ಇಲ್ಲ. ಇಬ್ಬರಿಗೆ ಒಂದೇ ಹೆಸರಿದ್ದರೆ ದೊಡ್ಡವನ ಖ್ಯಾತಿಯಲ್ಲಿ ಚಿಕ್ಕವನು ಮರೆಯಾಗುತ್ತಾನೆ. ಊರುಗಳಿಗೂ ಹಾಗೇ ಆಗುತ್ತದೆ. ಚಿಕ್ಕ ಊರನ್ನು ಕಟ್ಟಿದ ಜನ ಬಡವರಾಗಿದ್ದು, ಬರೆದಿಡುವವರು ಅವರಲ್ಲಿ ಇಲ್ಲದೇ ಹೋದರಂತೂ ಹೆಸರು ಉಳಿದು ಜನರ ಸುದ್ದಿ ಅಳಿಸಿಹೋಗುತ್ತದೆ. ಕೊಡಗಿನ ಆನಂದಪುರಕ್ಕೆ ಆದದ್ದು ಇದೇ. ಆ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಹರ್ಮನ್ ಮೋಗ್ಲಿಂಗ್ ಎಂಬ ಹೆಸರು ಕನ್ನಡಿಗರಿಗೆ ಪರಿಚಿತ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದವರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದವರು, ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನೆಲ್ಲ ಕಲ್ಲಚ್ಚಿನಲ್ಲಿ ಮುದ್ರಿಸಿ ಓದುಗರ ಕೈಗಿಟ್ಟವರು. ನಮ್ಮ ಪಠ್ಯಪುಸ್ತಕಗಳು ಅವರನ್ನು ಇಲ್ಲಿಗೆ ಬಿಟ್ಟುಬಿಡುತ್ತವೆ. 1850ರ ದಶಕದಲ್ಲಿ ಅವರು ಮಂಗಳೂರು ಬಿಟ್ಟು ಘಟ್ಟ ಹತ್ತಿದರು. ಅಳಮಂಡ ಮನೆತನದ ಸೋಮಯ್ಯ ಎಂಬ ಕೊಡವರು ಮಂಗಳೂರಿಗೆ ಹೋಗಿ ಅವರಿಂದ ಕ್ರೈಸ್ತ ದೀಕ್ಷೆ ಪಡೆದಿದ್ದರು. ಸೋಮಯ್ಯನವರ ಹಿಂದೆಯೇ ಮೋಗ್ಲಿಂಗ್ ಕೊಡಗಿಗೆ ಬಂದರು. ಇಲ್ಲಿನ ಜನ, ಅರಸರು, ಆಚಾರಗಳ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1855ರಲ್ಲಿ ಅಚ್ಚಾಯಿತು. ಕೊಡವ ಕುಟುಂಬಗಳು ಗುಂಪು ಗುಂಪಾಗಿ ಹೊಸ ಮತಕ್ಕೆ ಬರಬಹುದೆಂದು ಅವರು ನಂಬಿದ್ದರು. ಹಾಗಾಗಲಿಲ್ಲ.

ಅವರ ಬಳಿಗೆ ಬಂದವರು ಬೇರೆಯವರು. ಕೊಡಗಿನಲ್ಲಿ ಜಮ್ಮ ಎಂಬ ವಂಶಪಾರಂಪರ್ಯದ ಭೂಮಿಯ ಜೊತೆಗೆ ತಲೆತಲಾಂತರದಿಂದ ಕಟ್ಟುಬಿದ್ದಿದ್ದ ದಲಿತ ಕುಟುಂಬಗಳವು. ಗದ್ದೆ ಯಾರದೋ ಆಳೂ ಅವರದು ಎಂಬ ವ್ಯವಸ್ಥೆ ಅದು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಕಂಪನಿ ಸರ್ಕಾರ 1843ರಲ್ಲೇ ಸಾರಿತ್ತು. ಆದರೆ ಜಮ್ಮದ ಆಳಿಗೆ ಹೋಗಲು ಬೇರೆ ನೆಲವಿರಲಿಲ್ಲ. ಆ ನೆಲವನ್ನು ಕೊಡಬೇಕೆಂದು ಮೋಗ್ಲಿಂಗ್ ಹೊರಟರು. 1850ರ ದಶಕದ ಕೊನೆಯ ಭಾಗದಲ್ಲಿ ಸಿದ್ದಾಪುರದ ಸಮೀಪ ಕಾಡು ಕಡಿಸಿ ಒಂದು ಊರು ಕಟ್ಟಿಸಿ, ಅದಕ್ಕೆ ಆನಂದಪುರ ಎಂದು ಹೆಸರಿಟ್ಟರು. ಜೊತೆಗೆ ಒಂದು ಕಾಫಿ ತೋಟ. ತೋಟದ ಆದಾಯದಲ್ಲಿ ಊರು ನಡೆಯಬೇಕು, ಜನ ಯಾರ ಮುಂದೆಯೂ ಕೈಚಾಚದೆ ಬದುಕಬೇಕು ಎಂಬುದು ಅವರ ಯೋಜನೆ.

ಆ ಸೀಮೆ ಆಗ ಹೇಗಿತ್ತೆಂದು ಸ್ವಲ್ಪ ಊಹಿಸಿಕೊಳ್ಳಿ. ಸಿದ್ದಾಪುರ, ಪಾಲಿಬೆಟ್ಟದ ಸುತ್ತಲಿನ ಪ್ರದೇಶವನ್ನು ಪ್ಲಾಂಟರುಗಳು ಬಿದಿರಿನ ಸೀಮೆ ಎಂದೇ ಕರೆಯುತ್ತಿದ್ದರು. ಹಿಂಡಲು ಹಿಂಡಲು ಬಿದಿರು, ಅದರ ನಡುವೆ ಆನೆಗಳ ದಾರಿ, ಮಳೆ ನಿಂತ ಮೇಲೆ ಚಳಿಜ್ವರ. ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ 1854ರಲ್ಲಿ ಮಡಿಕೇರಿಯ ಬಳಿ ಎದ್ದಿತ್ತಷ್ಟೆ. ಕಾಫಿಯ ಕಸುಬು ಇನ್ನೂ ಎಲ್ಲರಿಗೂ ಹೊಸದು. 1860ರ ದಶಕ ಬಂದಾಗ ಕಾಂಡಕೊರಕ ಹುಳು ಕೊಡಗಿನ ತೋಟಗಳನ್ನು ಒಂದೊಂದಾಗಿ ತಿಂದುಹಾಕಿತು. ಅಷ್ಟರಲ್ಲಿ ಮೋಗ್ಲಿಂಗ್ ಇಲ್ಲಿರಲಿಲ್ಲ. ಪತ್ನಿಯ ಅನಾರೋಗ್ಯದಿಂದಾಗಿ 1860ರಲ್ಲಿ ಅವರು ಜರ್ಮನಿಗೆ ಹೊರಟರು. ಕನ್ನಡನಾಡಿಗೆ ಮತ್ತೆ ಬರಲಾಗಲಿಲ್ಲ. ಅವರು ತೀರಿಕೊಂಡದ್ದು 1881ರಲ್ಲಿ.

ಅವರು ಕಂಡ ಆ ಸ್ವಂತ ಕಾಲಿನ ಊರು ಇಂದು ಆ ರೂಪದಲ್ಲಿ ಇಲ್ಲ. ಆನಂದಪುರ ಎಂಬ ಹೆಸರು ಗ್ರಾಮಕ್ಕೆ ಉಳಿದಿದೆ, ದೊಡ್ಡದೊಂದು ಕಾಫಿ ಎಸ್ಟೇಟಿಗೂ ಉಳಿದಿದೆ. ಮೋಗ್ಲಿಂಗ್ ಬಗ್ಗೆ ಜೀವನಚರಿತ್ರೆಗಳಿವೆ, ಪತ್ರಗಳ ಸಂಗ್ರಹವಿದೆ. ಬಾಸೆಲ್ಲಿನ ಮಿಷನ್ ಪತ್ರಾಗಾರದಲ್ಲೂ ಮಂಗಳೂರಿನ ಬಲ್ಮಠದ ಸಂಗ್ರಹದಲ್ಲೂ ಆ ಕಾಲದ ಕಾಗದಗಳನ್ನು ಜೋಪಾನ ಮಾಡಿದ್ದಾರೆ. ಬಿದಿರು ಕಡಿದವರು, ಮೊದಲ ಮಳೆಗಾಲವನ್ನು ಆ ಗುಡಿಸಲುಗಳಲ್ಲಿ ಕಳೆದವರು, ಜಮ್ಮದ ಮನೆ ಬಿಟ್ಟು ಬರುವ ಧೈರ್ಯ ಮಾಡಿದವರು, ಇವರ ಹೆಸರು ಎಷ್ಟು ಜನರಿಗೆ ಗೊತ್ತು? ನನ್ನ ಮಟ್ಟಿಗೆ ಆನಂದಪುರದ ಚರಿತ್ರೆ ಎಂದರೆ ಮೊದಲು ಅವರದು, ಆಮೇಲೆ ಪಾದ್ರಿಗಳದು. ಯಾರಾದರೂ ತರುಣ ಸಂಶೋಧಕರು ಆ ಕಾಗದಗಳಲ್ಲಿ ಈ ಕುಟುಂಬಗಳನ್ನೇ ಹುಡುಕಿಕೊಂಡು ಹೋಗಬೇಕು. ಮುಂದೆ ಅವರು ಯಾವ ತೋಟದ ಕೂಲಿಯವರ ಲೈನ್ ಮನೆ ಸೇರಿದರು, ಯಾವ ಪೇಟೆಗೆ ಹೋದರು ಎಂಬ ಎಳೆ ಹಿಡಿದರೆ ಕೊಡಗಿನ ಕಾಫಿಯ ಚರಿತ್ರೆಯನ್ನೇ ಬೇರೆ ಕಡೆಯಿಂದ ಬರೆಯಬಹುದು.

ಹೆಸರು ಹಂಚಿಕೊಳ್ಳುವುದು ಒಂದಾದರೆ ಹೆಸರು ಬದಲಾಗುವುದು ಇನ್ನೊಂದು. ಕುಶಾಲನಗರವನ್ನು ಹಳಬರು ಫ್ರೇಸರ್‌ಪೇಟೆ ಎನ್ನುತ್ತಿದ್ದರು. 1834ರಲ್ಲಿ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಕೊಡಗನ್ನು ವಶಕ್ಕೆ ತೆಗೆದುಕೊಂಡಾಗ ಇಲ್ಲಿದ್ದ ಕರ್ನಲ್ ಜೇಮ್ಸ್ ಸ್ಟುವರ್ಟ್ ಫ್ರೇಸರ್ ಹೆಸರದು. ಬೆಂಗಳೂರಿನ ಫ್ರೇಸರ್ ಟೌನ್ ಇವರದೇ ಎಂದುಕೊಂಡವರಿದ್ದಾರೆ. ಅಲ್ಲ. ಅದು ಮುಕ್ಕಾಲು ಶತಮಾನದ ನಂತರ ಮೈಸೂರಿನ ರೆಸಿಡೆಂಟ್ ಆಗಿದ್ದ ಸ್ಟುವರ್ಟ್ ಮಿಟ್‌ಫರ್ಡ್ ಫ್ರೇಸರ್ ಹೆಸರಿನದು. ಎರಡಕ್ಕೂ ಈಗ ಬೇರೆ ಹೆಸರಿದೆ, ಒಂದು ಕುಶಾಲನಗರ, ಇನ್ನೊಂದು ಪುಲಕೇಶಿನಗರ. ಟಿಪ್ಪು ಹುಟ್ಟಿದ ಕುಶಾಲಿನ ಸುದ್ದಿ ಹೈದರಾಲಿಗೆ ಇಲ್ಲಿ ಮುಟ್ಟಿತು, ಅದಕ್ಕೇ ಕುಶಾಲನಗರವಾಯಿತು ಎನ್ನುವ ಕಥೆಯನ್ನು ನೀವೂ ಕೇಳಿರಬಹುದು. ಟಿಪ್ಪು ಹುಟ್ಟಿದ್ದು 1750ರ ಸುಮಾರಿಗೆ, ದೇವನಹಳ್ಳಿಯಲ್ಲಿ. ಹೈದರ್ ಆಗಿನ್ನೂ ಮೈಸೂರು ಸೈನ್ಯದ ಒಬ್ಬ ದಳಪತಿ, ಕೊಡಗಿನ ಮೇಲೆ ದಂಡೆತ್ತಿ ಬರುವ ಕಾಲ ದೂರವಿತ್ತು. ಕಥೆ ಸೊಗಸಾಗಿದೆ, ಚರಿತ್ರೆಯಾಗಿ ಮಾತ್ರ ನಿಲ್ಲುವುದಿಲ್ಲ.

ಒಂದೇ ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಲು ಕೊಡಗಿನ ಜನ ಯಾವ ಸರ್ಕಾರಕ್ಕೂ ಕಾಯಲಿಲ್ಲ. ಕೊಡವರ ಮನೆಹೆಸರುಗಳನ್ನು ಗಮನಿಸಿ. ಒಬ್ಬ ಹಿರಿಯನಿಂದ ಬಂದ ಕುಟುಂಬವೆಲ್ಲ ಸೇರಿ ಒಂದು ಒಕ್ಕ, ಅದಕ್ಕೊಂದು ಮನೆಹೆಸರು, ಅದಕ್ಕೊಂದು ಐನ್‌ಮನೆ, ಅಂದರೆ ಮೂಲ ಮನೆ. ಕೆಲವು ಹೆಸರು ಒಂದಕ್ಕಿಂತ ಹೆಚ್ಚು ಒಕ್ಕಗಳಿಗಿದೆ. ಮುಕ್ಕಾಟಿರ ಎಂದಷ್ಟೇ ಹೇಳಿದರೆ ಯಾವ ಊರಿನ ಮುಕ್ಕಾಟಿರ ಎಂಬ ಪ್ರಶ್ನೆ ಬರುತ್ತದೆ, ಆಗ ಹರಿಹರ ಮುಕ್ಕಾಟಿರ, ಬೋಂದ ಮುಕ್ಕಾಟಿರ ಎಂದು ಊರನ್ನೂ ಸೇರಿಸಿ ಹೇಳುತ್ತಾರೆ. ಬೇಸಿಗೆಯಲ್ಲಿ ನಡೆಯುವ ಕೌಟುಂಬಿಕ ಹಾಕಿ ಹಬ್ಬದ ವರದಿಗಳಲ್ಲಿ ಇದನ್ನು ನೀವೇ ಓದಬಹುದು. 1997ರಲ್ಲಿ ಕರಡದಲ್ಲಿ ಪಾಂಡಂಡ ಒಕ್ಕ ಶುರುಮಾಡಿದ ಆ ಹಬ್ಬಕ್ಕೆ ಮೊದಲ ವರ್ಷ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಒಕ್ಕ ನಡೆಸಿದಾಗ 360. ಅಷ್ಟು ಒಕ್ಕಗಳು ಒಂದೇ ಮೈದಾನದಲ್ಲಿ ತಮ್ಮ ಹೆಸರು ಕೂಗಿ ಕರೆಸಿಕೊಳ್ಳುವ ಸಂದರ್ಭ ಬೇರೆಲ್ಲಿದೆ?

ಆ ಮೈದಾನಕ್ಕೆ ಬರಲಾಗದ ಒಕ್ಕಗಳೂ ಇವೆ, ಏಕೆಂದರೆ ಅವು ಮುಗಿದುಹೋಗಿವೆ. ಯುದ್ಧ, ಕೊಡಗನ್ನಾಳಿದ ಹಾಲೇರಿ ಅರಸರ ಕೊನೆಗಾಲದ ಕೊಲೆಗಳು, ಟಿಪ್ಪುವಿನ ಕಾಲದ ಸೆರೆ, ಸಿಡುಬು, ಗಂಡು ಸಂತಾನವಿಲ್ಲದ್ದು, ಹೀಗೆ ಕಾರಣ ಹಲವು. ಅಳಿಯುವ ಒಕ್ಕವನ್ನು ಉಳಿಸಿಕೊಳ್ಳಲು ಕೊಡವರಲ್ಲಿ ಎರಡು ಕಟ್ಟಳೆಗಳಿದ್ದವು. ಒಕ್ಕ ಪರಿಜೆಯಲ್ಲಿ ಮದುವೆಯಾದ ಗಂಡು ತನ್ನ ಒಕ್ಕ ಬಿಟ್ಟು ಹೆಣ್ಣಿನ ಒಕ್ಕ ಸೇರುತ್ತಾನೆ. ಮಕ್ಕ ಪರಿಜೆಯಲ್ಲಿ ಅವನು ತನ್ನ ಒಕ್ಕದಲ್ಲೇ ಇದ್ದು ಹುಟ್ಟಿದ ಮಕ್ಕಳು ತಾಯಿಯ ಒಕ್ಕಕ್ಕೆ ಸೇರುತ್ತಾರೆ. ಹೆಸರು ಉಳಿಯಲೆಂದು ಒಂದು ಸಮಾಜ ತಂದೆಯ ಕಡೆಯ ಲೆಕ್ಕವನ್ನೇ ಸಡಿಲಿಸಿದ್ದು ದೊಡ್ಡ ಮಾತು ಎಂದು ನನಗನಿಸುತ್ತದೆ. ಇಷ್ಟಾಗಿಯೂ ಕೆಲವು ಒಕ್ಕ ಉಳಿಯಲಿಲ್ಲ. ಅಂಥ ಕಡೆ ಗುರುತಿಗೆ ಸಿಗುವುದು ಕೈಮಡ, ಅಂದರೆ ಒಕ್ಕದ ಹಿರಿಯರಾದ ಕಾರಣವರ ಗುಡಿ. ಕಾಫಿ ಗಿಡಗಳ ನಡುವೆ ಮಣ್ಣಿನ ಜಗಲಿ, ನಾಲ್ಕು ಸಾಲು ಹೆಂಚು, ಒಳಗೆ ಪಾಚಿ ಹತ್ತಿದ ಒಂದೆರಡು ಕಲ್ಲು. ಸ್ವಲ್ಪ ದೂರದಲ್ಲಿ ತೂಟಂಗಳ, ಅವರ ಮಸಣ. ನಾಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ'ಯನ್ನು ಇಂಗ್ಲಿಷಿಗೆ ತಂದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಕೊಡಗಿನ ಊರೂರು ಸುತ್ತಿ ಐನ್‌ಮನೆಗಳನ್ನು ದಾಖಲಿಸಿದ್ದಾರೆ. ಕೊಡವರದಷ್ಟೇ ಅಲ್ಲ, ಐನ್‌ಮನೆ ಇರುವ ಬೇರೆ ಸಮುದಾಯಗಳದೂ ಆ ದಾಖಲೆಯಲ್ಲಿದೆ. ಐರಿ, ಹೆಗ್ಗಡೆ, ಅಮ್ಮಕೊಡವ, ಕೊಡವರಂತೆಯೇ ಮನೆಹೆಸರುಳ್ಳ ಜಮ್ಮ ಮಾಪಿಳ್ಳೆ ಮುಂತಾದ ಚಿಕ್ಕ ಸಮುದಾಯಗಳ ಬಗ್ಗೆ ಇಂಥ ಕೆಲಸ ಎಷ್ಟಾದರೂ ಬೇಕು.

ಐನ್‌ಮನೆ ಇದ್ದವರ ಹೆಸರು ಹೀಗೆ ಹೇಗೋ ದಾಖಲಾಗುತ್ತದೆ. ಮನೆಯೇ ಬಿದಿರಿನದಾಗಿದ್ದವರ ಗತಿಯೇನು? ನಾಗರಹೊಳೆ ಕಾಡಿನ ಜೇನುಕುರುಬರು, ಬೆಟ್ಟಕುರುಬರು, ಯರವರು ಹಾಡಿ ಎಂಬ ಕಾಡಿನ ಪುಟ್ಟ ಊರುಗಳಲ್ಲಿದ್ದರು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಮೀಸಲು ಎಂದು ಕಾಡಿನ ದರ್ಜೆ ಏರುತ್ತಾ ಹೋದಂತೆ ಹಾಡಿಗಳು ಖಾಲಿಯಾಗುತ್ತಾ ಹೋದವು. ಕೆಲವರು ತೋಟಗಳ ಲೈನ್ ಮನೆ ಸೇರಿದರು, ಇನ್ನು ಕೆಲವರನ್ನು ಹುಣಸೂರಿನ ಕಡೆಯ ನಾಗಾಪುರದ ಪುನರ್ವಸತಿ ಕೇಂದ್ರಕ್ಕೆ ಕಳಿಸಲಾಯಿತು. ಬಿದಿರು, ಹುಲ್ಲಿನ ಮನೆ ನಾಲ್ಕು ಮಳೆಗೆ ಮಣ್ಣಾಗುತ್ತದೆ. ಹಾಡಿ ಇದ್ದ ಜಾಗದಲ್ಲಿ ಲಂಟಾನ ಬೆಳೆಯುತ್ತದೆ.

ಅವರ ಊರ ಹೆಸರುಗಳನ್ನು ಒಮ್ಮೆ ಕೇಳಿ: ನಾಣಚ್ಚಿ ಗದ್ದೆಹಾಡಿ, ಕರಡಿಕಲ್ಲು ಅತ್ತೂರು ಕೊಲ್ಲಿ. ಬರೀ ಗದ್ದೆಹಾಡಿ ಎಂದರೆ ಯಾವುದೂ ಆಗಬಹುದು, ನಾಣಚ್ಚಿ ಎಂದು ಸೇರಿಸಿದ ತಕ್ಷಣ ಜಾಗ ಗೊತ್ತಾಗುತ್ತದೆ. ಬಂಡೆಯ ಗುರುತು, ಊರಿನ ಗುರುತು, ತೊರೆಯ ಗುರುತು ಮೂರನ್ನೂ ಒಂದೇ ಹೆಸರಿನಲ್ಲಿ ಪೋಣಿಸಿದವರು ಯಾವ ನಕ್ಷೆಯನ್ನೂ ನೋಡಿದವರಲ್ಲ. 2025ರ ಮೇ ತಿಂಗಳಲ್ಲಿ 50ಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಈ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಬಂದು, ಇದು ನಮ್ಮ ಹಾಡಿ, ನಮ್ಮ ಹಿರಿಯರನ್ನು ಮಣ್ಣು ಮಾಡಿದ ಜಾಗ, ನಮ್ಮ ದೇವರಿರುವ ಜಾಗ ಎಂದು ನಿಂತರು.

ಇಲ್ಲಿ ಕಾನೂನು ಹೇಳುವುದನ್ನು ಕೇಳುಗರು ತಿಳಿದಿರಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ 2008ರಲ್ಲಿ ಮಾಡಿದ ನಿಯಮಗಳಲ್ಲಿ 13ನೆಯದು ಸಾಕ್ಷ್ಯದ ಬಗ್ಗೆ ಇದೆ. ಅದರ ಪ್ರಕಾರ ಸರ್ಕಾರಿ ಕಾಗದವೊಂದೇ ಸಾಕ್ಷಿಯಲ್ಲ. ಹಳೆಯ ಮನೆಯ ಕುರುಹು, ಬಾವಿ, ಮಸಣ, ಪವಿತ್ರ ಸ್ಥಳ ಇವೂ ಸಾಕ್ಷಿ. ಊರಿನ ಹಿರಿಯರು ಹೇಳಿ ಬರೆಸಿದ ಮಾತೂ ಸಾಕ್ಷಿ. ಹಕ್ಕು ಕೇಳುವವರು ಇಂಥವುಗಳಲ್ಲಿ ಒಂದಕ್ಕಿಂತ ಹೆಚ್ಚನ್ನು ಕೊಡಬೇಕು. ಬರಹವಿಲ್ಲದ ಸಮುದಾಯಗಳ ನೆನಪಿಗೆ ನಮ್ಮ ದೇಶದ ಕಾನೂನು ಇಷ್ಟು ತೂಕ ಕೊಟ್ಟದ್ದು ಬಹಳ ಅಪರೂಪ.

ಹಾಡಿಯಲ್ಲಿ ಹುಟ್ಟಿ ಬೆಳೆದು ಹೊರಗೆ ಬಂದ ತಲೆಮಾರಿಗೆ ಈಗ ವಯಸ್ಸಾಗಿದೆ. ಅವರಲ್ಲಿ ಎಷ್ಟೋ ಜನ ನಮ್ಮ ತೋಟಗಳ ಲೈನ್ ಮನೆಗಳಲ್ಲೇ ಇದ್ದಾರೆ. ಕ್ಲೇಮು ಸ್ವೀಕರಿಸುವುದು, ಪರಿಶೀಲಿಸುವುದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯ ಕೆಲಸ. ಓದುಬರಹ ಬಲ್ಲ ಯಾರು ಬೇಕಾದರೂ ಕ್ಲೇಮು ಬರೆಯಲು ನೆರವಾಗಬಹುದು. ಹೇಳುವವರ ಎದುರು ಕೂತು ಬರೆದುಕೊಳ್ಳುವಾಗ ಹಾಡಿಯ ಹೆಸರನ್ನಷ್ಟೇ ಬರೆದು ನಿಲ್ಲಿಸಬೇಡಿ. ಪಕ್ಕದ ಕೊಲ್ಲಿ ಯಾವುದು, ನೀರು ತರುತ್ತಿದ್ದುದು ಎಲ್ಲಿಂದ, ಮಸಣ ಯಾವ ಮರದ ಬುಡದಲ್ಲಿ, ಯಾವ ಹಾಡಿಗೆ ಹೆಣ್ಣು ಕೊಡುತ್ತಿದ್ದರು, ಎಲ್ಲವನ್ನೂ ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆಯಿರಿ.