ವಿಷಮಶೀತಜ್ವರ: ರೋಗಾಣುವಿನ ಅಡಗುತಾಣ ಮತ್ತು ಲಸಿಕೆಯ ದಾರಿ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಉಪನ್ಯಾಸಮಾಲೆಯಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನೆನಪುಗಳನ್ನು ಹೇಳುವವರು ಅನೇಕರಿದ್ದಾರೆ, ನೀವು ನಿಮ್ಮ ವಿಷಯದ ಕುರಿತೇ ಮಾತನಾಡಬೇಕು ಎಂದು ಸಮಿತಿಯವರು ನನಗೆ ಸೂಚಿಸಿದ್ದಾರೆ. ನನ್ನ ವಿಷಯ ಸೂಕ್ಷ್ಮಜೀವಿ ವಿಜ್ಞಾನ. ಆದರೆ ಆ ವಿಷಯದತ್ತ ನನ್ನನ್ನು ತಿರುಗಿಸಿದ ನೆನಪು ಇದೇ ಶಾಲೆಯದು. ಆದ್ದರಿಂದ ಅಲ್ಲಿಂದಲೇ ಆರಂಭಿಸಲು ಅಪ್ಪಣೆ ಬೇಡುತ್ತೇನೆ.

ನಾನು ಇಲ್ಲಿ ಆರನೆಯ ತರಗತಿಯಲ್ಲಿದ್ದಾಗ ಓಣಂ ರಜೆ ಮುಗಿದ ಮೇಲೂ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಬರಲಿಲ್ಲ. ಮನೆಮಂದಿಗೆಲ್ಲ ಜ್ವರವೆಂದು ಸುದ್ದಿ ಬಂತು. ಎರಡು ತಿಂಗಳ ಬಳಿಕ ಅವನು ಬಂದಾಗ ತಲೆಗೂದಲು ಉದುರಿತ್ತು, ಅಂಗಿ ಮೈಮೇಲೆ ಜೋಲುತ್ತಿತ್ತು. ಅವನ ಒಂದೂವರೆ ವರ್ಷದ ತಂಗಿ ಮಾತ್ರ ಉಳಿಯಲಿಲ್ಲ. ಊರಿನವರು ಅದನ್ನು ಸನ್ನಿ ಎಂದರು, ವೈದ್ಯರು ಟೈಫಾಯಿಡ್ ಎಂದರು, ನಮ್ಮ ಪಠ್ಯಪುಸ್ತಕದಲ್ಲಿ ವಿಷಮಶೀತಜ್ವರ ಎಂದಿತ್ತು. ಹೆಸರುಗಳು ಮೂರಿದ್ದರೂ ಆ ಕೂಸಿಗೆ ಕೊಡಬಹುದಾದ ಲಸಿಕೆ ಒಂದೂ ಇರಲಿಲ್ಲ. ಏಕಿರಲಿಲ್ಲ ಎಂಬುದೇ ನನ್ನ ಇಂದಿನ ಮಾತಿನ ವಸ್ತು.

ಈ ಜ್ವರವನ್ನು ತರುವುದು ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯ. 1880ರಲ್ಲಿ ಕಾರ್ಲ್ ಎಬರ್ತ್ ಇದನ್ನು ರೋಗಿಗಳ ಅಂಗಾಂಶದಲ್ಲಿ ಗುರುತಿಸಿದರು. 1884ರಲ್ಲಿ ಗಿಯೋರ್ಗ್ ಗಾಫ್ಕಿ ಪ್ರಯೋಗಾಲಯದಲ್ಲಿ ಬೆಳೆಸಿದರು. ಸಾಲ್ಮೊನೆಲ್ಲಾ ಕುಲದಲ್ಲಿ 2,500ಕ್ಕೂ ಹೆಚ್ಚು ಬಗೆಗಳಿವೆ. ಅವುಗಳಲ್ಲಿ ಹಲವು ಕೋಳಿ, ಮೊಟ್ಟೆ, ಮಾಂಸಗಳ ಮೂಲಕ ಬಂದು ನಾಲ್ಕಾರು ದಿನ ವಾಂತಿಭೇದಿ ಮಾಡಿಸಿ ಹೋಗುತ್ತವೆ. ಟೈಫಿ ಹಾಗಲ್ಲ. ಅದಕ್ಕೆ ಮನುಷ್ಯನ ಹೊರತು ಬೇರೆ ಆಶ್ರಯವಿಲ್ಲ. ಒಬ್ಬನ ಮಲದಿಂದ ನೀರಿಗೆ, ನೀರಿನಿಂದ ಅಥವಾ ಆಹಾರದಿಂದ ಇನ್ನೊಬ್ಬನ ಬಾಯಿಗೆ, ಇಷ್ಟೇ ಅದರ ದಾರಿ.

ನುಂಗಿದ ರೋಗಾಣುಗಳಲ್ಲಿ ಬಹುಪಾಲು ಜಠರದ ಆಮ್ಲದಲ್ಲಿ ಸಾಯುತ್ತವೆ. ಉಳಿದವು ಸಣ್ಣಕರುಳನ್ನು ಸೇರುತ್ತವೆ. ಅವುಗಳ ಮೈಮೇಲೆ ಸೂಜಿಯಂಥ ಸೂಕ್ಷ್ಮ ನಳಿಕೆಗಳಿವೆ. ಅವು ಈ ನಳಿಕೆಯನ್ನು ಕರುಳಿನ ಜೀವಕೋಶಕ್ಕೆ ಚುಚ್ಚಿ ಕೆಲವು ಪ್ರೋಟೀನುಗಳನ್ನು ಒಳಗೆ ಬಿಡುತ್ತವೆ. ಆಗ ಆ ಕೋಶ ತನ್ನ ಹೊರಪೊರೆಯನ್ನು ತಾನೇ ಅಲೆಯಂತೆ ಎತ್ತಿ ರೋಗಾಣುವನ್ನು ಒಳಗೆ ಎಳೆದುಕೊಳ್ಳುತ್ತದೆ. ಬಾಗಿಲು ಮುರಿಯುವ ಪ್ರಮೇಯವೇ ಇಲ್ಲ. ಮನೆಯವರ ಕೈಯಿಂದಲೇ ಬಾಗಿಲು ತೆರೆಸುವ ಉಪಾಯ ಇದು.

ಕರುಳಿನ ಗೋಡೆಯನ್ನು ದಾಟಿದೊಡನೆ ನಮ್ಮ ದೇಹದ ಕಾವಲುಗಾರರಾದ ಭಕ್ಷಕಕೋಶಗಳು ಇವನ್ನು ನುಂಗುತ್ತವೆ. ನುಂಗಿದ ರೋಗಾಣು ಪೊರೆಯಿಂದಾದ ಒಂದು ಪುಟ್ಟ ಚೀಲದೊಳಗೆ ಸೆರೆಯಾಗುತ್ತದೆ. ಜೀರ್ಣರಸ ತುಂಬಿದ ಲೈಸೋಸೋಮ್ ಎಂಬ ಇನ್ನೊಂದು ಚೀಲ ಬಂದು ಇದರೊಡನೆ ಬೆರೆತು ರೋಗಾಣುವನ್ನು ಕರಗಿಸಬೇಕು. ಸಾಲ್ಮೊನೆಲ್ಲಾ ಇನ್ನೊಂದು ಜೊತೆ ನಳಿಕೆಗಳಿಂದ ಬೇರೆಯೇ ಪ್ರೋಟೀನುಗಳನ್ನು ಹೊರಬಿಟ್ಟು ಈ ಬೆರಕೆಯನ್ನು ತಡೆಯುತ್ತದೆ. ಸೆರೆಮನೆಯನ್ನೇ ವಾಸದ ಮನೆಯಾಗಿಸಿಕೊಂಡು ಅಲ್ಲಿಯೇ ಸಂತಾನ ಬೆಳೆಸುತ್ತದೆ.

ಈ ಒಳಗುಟ್ಟಿನ ಒಂದು ಎಳೆಯನ್ನು ಬಿಡಿಸಿದ ಶ್ರೇಯಸ್ಸು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದೆ. ಟೈಫಿ ಇಲಿಗೆ ತಗಲುವುದಿಲ್ಲವಾದ್ದರಿಂದ, ಇಲಿಯಲ್ಲಿ ಇಂಥದೇ ಕಾಯಿಲೆ ತರುವ ಟೈಫಿಮ್ಯೂರಿಯಂ ಎಂಬ ಬಗೆಯನ್ನು ಸಂಶೋಧಕರು ಬಳಸುತ್ತಾರೆ. ಪ್ರಾಧ್ಯಾಪಕಿ ದೀಪಶಿಖಾ ಚಕ್ರವರ್ತಿ ಅವರ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರೋಗಾಣು ಎರಡಾದಾಗ ಅದನ್ನು ಹೊದ್ದಿರುವ ಚೀಲವೂ ಎರಡಾಗುತ್ತದೆ. ಹೀಗೆ ಸಾಮಾನ್ಯವಾಗಿ ಒಂದೊಂದು ರೋಗಾಣುವಿಗೆ ಒಂದೊಂದು ಚೀಲ. ಇತ್ತ ಚೀಲಗಳ ಸಂಖ್ಯೆ ಏರುತ್ತ ಹೋದರೆ ಅತ್ತ ಲೈಸೋಸೋಮುಗಳು ಕಡಿಮೆಯಾಗುತ್ತವೆ. ಮನೆಗಳು ಹೆಚ್ಚಿ ಕಾವಲಿನವರು ಕಡಿಮೆಯಾದ ಊರಿನ ಸ್ಥಿತಿ ಅದು.

ಇಷ್ಟೆಲ್ಲ ನಡೆಯುವಾಗ ರೋಗಿಗೆ ಏನೂ ತಿಳಿಯುವುದಿಲ್ಲ. ಭಕ್ಷಕಕೋಶಗಳನ್ನೇ ವಾಹನ ಮಾಡಿಕೊಂಡ ರೋಗಾಣು ಯಕೃತ್ತು, ಗುಲ್ಮ, ಅಸ್ಥಿಮಜ್ಜೆಗಳನ್ನು ಸೇರಿ ಬೆಳೆದು, ಸಾಮಾನ್ಯವಾಗಿ ಒಂದೆರಡು ವಾರಗಳ ಬಳಿಕ ರಕ್ತಕ್ಕೆ ನುಗ್ಗುತ್ತದೆ. ಆಗ ಜ್ವರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಮೂರನೆಯ ವಾರದ ಹೊತ್ತಿಗೆ ಕರುಳು ತೂತಾಗುವ, ರಕ್ತ ಸ್ರವಿಸುವ ಅಪಾಯವುಂಟು. ಗುಣವಾದವರಲ್ಲೂ ಕೆಲವರ ಪಿತ್ತಕೋಶದಲ್ಲಿ ರೋಗಾಣು ವರ್ಷಗಟ್ಟಲೆ ಉಳಿದು, ಅವರಿಗೇ ಅರಿವಿಲ್ಲದಂತೆ ಇತರರಿಗೆ ಹರಡುತ್ತದೆ.

ಈ ಶಾಲೆ ಆರಂಭವಾದಾಗ ಈ ನೆಲ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆಗ ಈ ರೋಗಕ್ಕೆ ಔಷಧವೇ ಇರಲಿಲ್ಲ. ತಗಲಿದ ನೂರು ಮಂದಿಯಲ್ಲಿ ಹತ್ತರಿಂದ ಇಪ್ಪತ್ತು ಮಂದಿ ಸಾಯುತ್ತಿದ್ದರು. 1948ರಲ್ಲಿ ಮಲಯಾದ ಕೌಲಾಲಂಪುರದಲ್ಲಿ ಕ್ಲೋರಾಂಫೆನಿಕಾಲ್ ಈ ಜ್ವರವನ್ನು ವಾಸಿಮಾಡಬಲ್ಲದೆಂದು ತಿಳಿದುಬಂದಾಗ ಗೆದ್ದೆವೆಂದೇ ಎಲ್ಲರೂ ಭಾವಿಸಿದರು. ಆ ಸಂತೋಷ ಕಾಲು ಶತಮಾನವೂ ಬಾಳಲಿಲ್ಲ. 1972ರಲ್ಲಿ, ನಮಗೆ ದೂರವಲ್ಲದ ಕೋಯಿಕ್ಕೋಡಿನಲ್ಲಿ, ಆ ಔಷಧಕ್ಕೆ ಬಗ್ಗದ ಟೈಫಿ ಕಾಣಿಸಿಕೊಂಡಿತು. ಆ ಪ್ರತಿರೋಧಗುಣ ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ವರ್ಗವಾಗಬಲ್ಲದೆಂದು ಅಲ್ಲಿನ ವೈದ್ಯಕೀಯ ಕಾಲೇಜಿನ ಪಣಿಕ್ಕರ್ ಮತ್ತು ವಿಮಲಾ ಅವರು ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಅನಂತರ ಬಂದ ಔಷಧಗಳಿಗೂ ಒಂದೊಂದಾಗಿ ಇದೇ ಗತಿಯಾಯಿತು. 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಹರಡಿದ ಬಗೆಗೆ ಬಾಯಿಯ ಮೂಲಕ ಕೊಡಬಹುದಾದ ಔಷಧವಾಗಿ ಉಳಿದದ್ದು ಅಜಿತ್ರೋಮೈಸಿನ್ ಒಂದೇ. ಆದ್ದರಿಂದ ಲಸಿಕೆಯ ಪ್ರಶ್ನೆ ಮತ್ತೆ ಮುಂದೆ ಬಂತು.

ಲಸಿಕೆ ಹೊಸದೇನಲ್ಲ. 1896ರಷ್ಟು ಹಿಂದೆಯೇ ಆಲ್ಮ್ರೋತ್ ರೈಟ್ ಅವರು ಕಾಯಿಸಿ ಕೊಂದ ರೋಗಾಣುಗಳಿಂದ ಲಸಿಕೆ ಸಿದ್ಧಪಡಿಸಿದ್ದರು. ಅದು ಸೈನಿಕರಿಗೆ ರಕ್ಷಣೆ ಕೊಟ್ಟಿತು. ಆದರೆ ತೋಳು ಬಾತು ಜ್ವರ ಬರುತ್ತಿದ್ದುದರಿಂದ ಕೂಸುಗಳಿಗೆ ಕೊಡುವಂಥದಾಗಿರಲಿಲ್ಲ. 1934ರಲ್ಲಿ ಫೀಲಿಕ್ಸ್ ಮತ್ತು ಪಿಟ್ ಎಂಬವರು ಟೈಫಿಯ ಮೈಮೇಲಿನ ಸಕ್ಕರೆಯ ಹೊದಿಕೆಯೊಂದನ್ನು ಗುರುತಿಸಿ ಅದಕ್ಕೆ 'ವಿ-ಐ' ಎಂದು ಹೆಸರಿಟ್ಟರು. ಆ ಹೊದಿಕೆಯನ್ನಷ್ಟೇ ಶುದ್ಧೀಕರಿಸಿ ಮಾಡಿದ ಲಸಿಕೆ 1980ರ ದಶಕದ ನೇಪಾಳದ ಪ್ರಯೋಗದಲ್ಲಿ ಸುಮಾರು ಮುಕ್ಕಾಲು ಪಾಲು ರೋಗವನ್ನು ತಡೆಯಿತು. ತೊಂದರೆ ಒಂದೇ: ಎರಡು ವರ್ಷದೊಳಗಿನ ಮಕ್ಕಳಲ್ಲಿ ಅದು ಫಲ ಕೊಡಲಿಲ್ಲ, ದೊಡ್ಡವರಲ್ಲೂ ರಕ್ಷಣೆ ಬಹುಕಾಲ ನಿಲ್ಲಲಿಲ್ಲ.

ಕಾರಣ ಇಷ್ಟು. ನಮ್ಮ ದೇಹದಲ್ಲಿ ಪ್ರತಿಕಾಯಗಳನ್ನು ತಯಾರಿಸುವುದು ಬಿ ಕೋಶಗಳು. ನೆನಪು ನಿಲ್ಲುವಂತೆ ಅವಕ್ಕೆ ಪಾಠ ಹೇಳುವುದು ಟಿ ಕೋಶಗಳು. ಟಿ ಕೋಶಗಳು ಸಾಮಾನ್ಯವಾಗಿ ಗುರುತಿಸುವುದು ಪ್ರೋಟೀನನ್ನು. ಬರಿಯ ಸಕ್ಕರೆಯ ಸರಪಳಿಯನ್ನು ಅವು ಅರಿಯವು. ಆಗ ಬಿ ಕೋಶಗಳು ಗುರುವಿಲ್ಲದ ಶಿಷ್ಯರಾಗುತ್ತವೆ. ಎಳೆಯ ಮಗುವಿನ ದೇಹಕ್ಕಂತೂ ಆ ಪಾಠ ತಲೆಗೇ ಹತ್ತುವುದಿಲ್ಲ. ಇದಕ್ಕೆ ವಿಜ್ಞಾನಿಗಳು ಕಂಡ ಪರಿಹಾರ ಜೋಡಣೆ. ಆ ಸಕ್ಕರೆಯನ್ನು ಟಿ ಕೋಶಗಳು ಚೆನ್ನಾಗಿ ಗುರುತಿಸುವ, ಧನುರ್ವಾಯು ಲಸಿಕೆಯಲ್ಲಿ ಬಳಸುವ ಟಾಕ್ಸಾಯ್ಡ್ ಪ್ರೋಟೀನಿಗೆ ಬೆಸೆದರು. ಪ್ರೋಟೀನಿನ ಜೊತೆಗೆ ಸಕ್ಕರೆಯ ಪಾಠವೂ ನೆನಪಿನಲ್ಲಿ ಕೂತಿತು. ಗೊತ್ತಿರುವುದರೊಡನೆ ಜೋಡಿಸಿ ಗೊತ್ತಿಲ್ಲದುದನ್ನು ಕಲಿಸಬೇಕೆಂಬುದು ಶಿಕ್ಷಕರಿಗೆ ಹಳೆಯ ಮಾತು. ಮನೆಯ ಮಾತಿನಲ್ಲೇ ಪಾಠ ಹೇಳುತ್ತ ನೂರು ವರ್ಷ ಕಳೆದ ಈ ಶಾಲೆಗೆ ಅದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಸಂಯುಕ್ತ ಲಸಿಕೆಯನ್ನು ಹೈದರಾಬಾದಿನ ಭಾರತ್ ಬಯೋಟೆಕ್ ರೂಪಿಸಿತು. 2013ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು, 2017ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಬಂತು. ಆರು ತಿಂಗಳ ಕೂಸಿಗೂ ಒಂದೇ ಚುಚ್ಚುಮದ್ದು ಸಾಕು. 2018ರಲ್ಲಿ ನವಿ ಮುಂಬಯಿಯ ಮಹಾನಗರಪಾಲಿಕೆ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಇದನ್ನು ಹಾಕಿಸಿತು. 2019ರಲ್ಲಿ ನೇಪಾಳದ ಲಲಿತಪುರದಲ್ಲಿ ಇಪ್ಪತ್ತು ಸಾವಿರ ಮಕ್ಕಳ ಮೇಲಿನ ಪ್ರಯೋಗದ ಫಲ ಪ್ರಕಟವಾದಾಗ, ರಕ್ಷಣೆಯ ಪ್ರಮಾಣ ಶೇಕಡಾ 81.6 ಎಂದು ತಿಳಿಯಿತು. ಅದೇ ವರ್ಷ ಪಾಕಿಸ್ತಾನ ತನ್ನ ಸಾಮಾನ್ಯ ಲಸಿಕಾ ಕಾರ್ಯಕ್ರಮಕ್ಕೆ ಇದನ್ನು ಸೇರಿಸಿದ ಮೊದಲ ದೇಶವಾಯಿತು.

ಕೆಲಸ ಮುಗಿದಿಲ್ಲ. ಟೈಫಿಯ ದಾಯಾದಿಯಾದ ಪ್ಯಾರಾಟೈಫಿ-ಎ ಎಂಬುದಕ್ಕೆ ಆ ಸಕ್ಕರೆಯ ಹೊದಿಕೆಯೇ ಇಲ್ಲ. ಹೀಗಾಗಿ ಈ ಲಸಿಕೆ ಅದನ್ನು ತಡೆಯದು. ಎರಡಕ್ಕೂ ಒಂದೇ ಲಸಿಕೆ ಮಾಡುವ ಪ್ರಯತ್ನ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನಲ್ಲಿ ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜಿನಂತೆ ವರ್ಷಕ್ಕೆ 90 ಲಕ್ಷ ಮಂದಿಗೆ ಟೈಫಾಯಿಡ್ ತಗಲಿ ಸುಮಾರು 1,10,000 ಮಂದಿ ಸಾಯುತ್ತಾರೆ.

ಇಲ್ಲಿ ಕುಳಿತಿರುವ ತಾಯಂದಿರಲ್ಲಿ ನನ್ನ ಬಿನ್ನಹ ಕೆಲವೇ. ನಮ್ಮದು ಬಾವಿ, ಸುರಂಗಗಳ ನೀರು ಕುಡಿಯುವ ನಾಡು. ಶೌಚದ ಗುಂಡಿ ಬಾವಿಯಿಂದ ದೂರವಿರಲಿ. ನೀರು ಕುದಿಸಿ ಕುಡಿಯುವ ನಮ್ಮ ಹಳೆಯ ರೂಢಿಯನ್ನು ಬಿಡಬೇಡಿ. ಜ್ವರ ನಾಲ್ಕು ದಿನ ಬಿಡದಿದ್ದರೆ ಅಂಗಡಿಯಿಂದ ತಾವೇ ಮಾತ್ರೆ ತರಬೇಡಿ. ಪ್ರತಿಜೀವಕ ಆರಂಭಿಸುವ ಮೊದಲೇ ರಕ್ತದ ಕಲ್ಚರ್ ಪರೀಕ್ಷೆ ಆಗಬೇಕೇ ಎಂದು ವೈದ್ಯರನ್ನು ಕೇಳಿ. ಕೊಟ್ಟ ಔಷಧವನ್ನು ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಬೇಡಿ. ಮಗುವಿನ ಲಸಿಕೆಯ ಕುರಿತು ಮಕ್ಕಳ ವೈದ್ಯರಲ್ಲಿ ವಿಚಾರಿಸಿ.

ನನ್ನ ಗೆಳೆಯ ಈಗಲೂ ಇದೇ ಊರಿನಲ್ಲಿದ್ದಾನೆ. ಇಂದು ಸಭೆಯಲ್ಲೂ ಇದ್ದಾನೆ. ಕಳೆದ ತಿಂಗಳು ತನ್ನ ಹತ್ತು ತಿಂಗಳ ಮೊಮ್ಮಗಳಿಗೆ ಈ ಲಸಿಕೆ ಹಾಕಿಸಿದೆನೆಂದು ದೂರವಾಣಿಯಲ್ಲಿ ಹೇಳಿದ. ತಂಗಿಯ ಹೆಸರನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈ ಭಾಷಣಕ್ಕೆ ವಿಷಯ ಯಾವುದೆಂದು ನಾನು ನಿಶ್ಚಯಿಸಿದ್ದು ಆ ದಿನ.