‘ಬ್ಯಾರಲ್’ ಮನೆಮಗಳಾದ ಕಥೆ

ಇವತ್ತು ಒಂದು ಮೀನಿನ ವಿಷಯ ಮಾತಾಡ್ತೀನಿ. ಸಣ್ಣ ಮೀನಲ್ಲ, ನಮ್ಮ ಕಂಪನಿ ಬಸ್ಸಿನಷ್ಟು ಉದ್ದ ಬೆಳೆಯೋ ವೇಲ್ ಶಾರ್ಕ್. ಹೆಸರಲ್ಲಿ ವೇಲ್ ಇದ್ರೂ ತಿಮಿಂಗಿಲ ಅಲ್ಲ. ಶಾರ್ಕ್ ಆದ್ರೂ ಯಾರ ತಂಟೆಗೂ ಬರಲ್ಲ. ಬಾಯಿ ತೆರೆದು ಈಜುತ್ತಾ ನೀರಲ್ಲಿರೋ ಪ್ಲಾಂಕ್ಟನ್ ಸೋಸಿ ತಿನ್ನುತ್ತೆ.

ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲಿ ಇದನ್ನ ನೂರಾರು ಸಂಖ್ಯೆಯಲ್ಲಿ ಕೊಲ್ತಿದ್ರು. ಅಲ್ಲಿ ಇದಕ್ಕಿದ್ದ ಹೆಸರು ‘ಬ್ಯಾರಲ್’, ಯಾಕಂದ್ರೆ ಬೇಟೆಗೆ ಬ್ಯಾರಲ್ ಕಟ್ಟಿ ಅದನ್ನ ಸುಸ್ತು ಮಾಡ್ತಿದ್ರು. ಪಿತ್ತಜನಕಾಂಗದ ಎಣ್ಣೆ ದೋಣಿಗೆ ಬಳಿಯೋಕೆ, ಮಾಂಸ ರಫ್ತಿಗೆ. ಒಂದು ಜೀವಿಗೆ ಅದನ್ನ ಕೊಲ್ಲೋ ಸಾಮಾನಿನ ಹೆಸರೇ ಇಟ್ಟಾಗ ಅದು ಜೀವಿ ಅನ್ನೋದೇ ಮರೆತುಹೋಗುತ್ತೆ.

2000ದಲ್ಲಿ ಮೈಕ್ ಪಾಂಡೆಯವರ ‘ಶೋರ್ಸ್ ಆಫ್ ಸೈಲೆನ್ಸ್’ ಸಾಕ್ಷ್ಯಚಿತ್ರ ಬಂತು. 2001ರಲ್ಲಿ ಸರ್ಕಾರ ಈ ಮೀನನ್ನ ಹುಲಿಯ ಜೊತೆಗೆ, ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದಕ್ಕೇ ಸೇರಿಸಿತು. ದೆಹಲಿ ಮಟ್ಟದಲ್ಲಿ ಕೆಲಸ ಮುಗೀತು. ಆದ್ರೆ ನಡುಸಮುದ್ರದಲ್ಲಿ ಬಲೆ ಎಳೀತಿರೋನು ಗೆಜೆಟ್ ಓದ್ತಾನಾ?

2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾದವರು ಅಭಿಯಾನ ಶುರು ಮಾಡಿದಾಗ ಹೋಗಿದ್ದು ರಾಮಕಥೆ ಹೇಳೋ ಮೊರಾರಿ ಬಾಪು ಅವರ ಹತ್ತಿರ. ಅವರು ಹೇಳಿದ್ದು ಇಷ್ಟೇ: ನಮ್ಮ ತೀರಕ್ಕೆ ಬರೋ ಈ ಮೀನು ಹೆರಿಗೆಗೆ ತವರಿಗೆ ಬಂದ ಮಗಳ ಹಾಗೆ, ಅವಳಿಗೆ ಕೇಡು ಮಾಡ್ತೀವಾ? ಇದೇ ಎಳೆ ಹಿಡಿದು ಊರೂರಲ್ಲಿ ಬೀದಿ ನಾಟಕ ಆಡಿದ್ರು. ಬ್ಯಾರಲ್ ಹೋಗಿ ‘ವ್ಹಾಲಿ’ ಬಂತು, ಅಂದ್ರೆ ಮುದ್ದಿನವಳು. ಬಲೆಗೆ ಸಿಕ್ಕ ವೇಲ್ ಶಾರ್ಕನ್ನ ಮೀನುಗಾರರೇ ಬಲೆ ಕತ್ತರಿಸಿ ಬಿಡೋಕೆ ಶುರು ಮಾಡಿದ್ರು. ಹೀಗೆ ಸಮುದ್ರಕ್ಕೆ ಮರಳಿದವು ನೂರಾರು.

ಗಮನಿಸಿ, ಇಲ್ಲಿ ‘ಜೀವವೈವಿಧ್ಯ’ ಅನ್ನೋ ಪದವೇ ಬರಲಿಲ್ಲ. ಗ್ರಾಫ್ ಇಲ್ಲ, ‘ಇನ್ನು ಹತ್ತೇ ವರ್ಷ’ ಅನ್ನೋ ಹೆದರಿಕೆ ಇಲ್ಲ. ಕೇಳೋರ ಮನೆಯಲ್ಲಿ ಆಗಲೇ ಇದ್ದ ಒಂದು ಸಂಬಂಧದೊಳಕ್ಕೆ ಮೀನನ್ನ ಕರ್ಕೊಂಡು ಬಂದ್ರು. ತವರು, ಬಾಣಂತನ ಅಂದ್ರೆ ಏನು ಅಂತ ಕನ್ನಡದವರಿಗೆ ಯಾರೂ ವಿವರಿಸಬೇಕಿಲ್ಲ. ನಮ್ಮ ಮದ್ದೂರು ಹತ್ತಿರದ ಕೊಕ್ಕರೆ ಬೆಳ್ಳೂರಲ್ಲೂ ಇದೇ ಮಾತು. ಹುಣಸೆ ಮರದಲ್ಲಿ ಗೂಡು ಕಟ್ಟೋಕೆ ಬರೋ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನ ಊರಿನವರು ಹೆರಿಗೆಗೆ ಬಂದ ಹೆಣ್ಣುಮಕ್ಕಳು ಅಂತಾರೆ. ಅದನ್ನ ಅವರಿಗೆ ಯಾವ ಏಜೆನ್ಸಿಯೂ ಬರೆದುಕೊಟ್ಟಿದ್ದಲ್ಲ.

ಈ ಕಥೆ ಹೇಳೋರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸ್ತಾರೆ, ಚಪ್ಪಾಳೆ ಬೀಳುತ್ತೆ. ನನಗೆ ಇದರ ಮುಂದಿನ ಭಾಗ ಹೆಚ್ಚು ಇಷ್ಟ. ಮಗಳು ಅಂದ್ರೂ ಕತ್ತರಿಸಿದ ಬಲೆಯ ದುಡ್ಡು ಯಾರು ಕೊಡ್ತಾರೆ? ಗುಜರಾತ್ ಅರಣ್ಯ ಇಲಾಖೆ ಬಲೆಗೆ ಪರಿಹಾರ ಕೊಡೋಕೆ ಶುರು ಮಾಡ್ತು. ಅಲ್ಲೂ ಒಂದು ತೊಡಕಿತ್ತು: ಅಧಿಕಾರಿ ದೋಣಿ ಹತ್ತಿ ಬಂದು ಕಣ್ಣಾರೆ ನೋಡೋವರೆಗೆ ಮೀನು ಬಲೆಯಲ್ಲೇ ಒದ್ದಾಡ್ಬೇಕು. ಆಮೇಲೆ ಮೀನುಗಾರರ ಕೈಗೇ ವಾಟರ್‌ಪ್ರೂಫ್ ಕ್ಯಾಮೆರಾ ಕೊಟ್ರು. ಕತ್ತರಿಸು, ಫೋಟೋ ತೆಗಿ, ಅದನ್ನೇ ತೋರಿಸಿ ದುಡ್ಡು ತಗೋ. ಅಪ್ರೂವಲ್‌ಗೆ ಕಾದು ಕಾದು ಡೆಪ್ಲಾಯ್ಮೆಂಟ್ ನಿಂತ ಅನುಭವ ಇರೋ ನಮಗೆ ಇದರ ಬೆಲೆ ಗೊತ್ತು. ಕೊಕ್ಕರೆ ಬೆಳ್ಳೂರಲ್ಲೂ ಅಷ್ಟೇ, ಹಕ್ಕಿ ಕೂತ ಹುಣಸೆ ಮರದ ಫಸಲು ಹೋಗುತ್ತೆ, ಅದಕ್ಕೆ ಪರಿಹಾರ ಇದೆ. ಭಾವನೆ ಬಾಗಿಲು ತೆಗೆಸುತ್ತೆ ಸರಿ. ಆದ್ರೆ ನಷ್ಟ ಪೂರ್ತಿ ಬಡವನ ತಲೆ ಮೇಲೆ ಬಿದ್ರೆ ಎರಡನೇ ವರ್ಷ ಯಾರೂ ಬಾಗಿಲು ತೆಗೆಯಲ್ಲ.

ಈಗ ನಮ್ಮ ವಿಷಯ. ನಾನಿರೋದು ಚೆನ್ನೈನ ಓಎಂಆರ್ ಕಡೆ. ಆಫೀಸುಗಳ ಪಕ್ಕದಲ್ಲೇ ಪಳ್ಳಿಕರಣೈ ಜೌಗು ಇದೆ, ಅದೇ ಹೆಜ್ಜಾರ್ಲೆ ಅಲ್ಲೂ ಇಳಿಯುತ್ತೆ. ಪಾಳು ಜಾಗ ಅಂದ್ಕೊಂಡು ವರ್ಷಗಟ್ಟಲೆ ಅದರ ಪೆರುಂಗುಡಿ ಅಂಚಲ್ಲಿ ಊರಿನ ಕಸ ಸುರಿದ್ರು. 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ‘ರಾಮ್ಸರ್’ ಅಂತ ಹಾಕಿದ್ರೆ ನಾಲ್ಕು ಥಂಬ್ಸ್ ಅಪ್ ಬರುತ್ತೆ, ಮುಗೀತು. 2023ರ ಡಿಸೆಂಬರಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ವೇಳಚೇರಿ, ಪಳ್ಳಿಕರಣೈ ಮುಳುಗಿದ್ದು ಎಲ್ಲರಿಗೂ ನೆನಪಿದೆ. ದಕ್ಷಿಣ ಚೆನ್ನೈನ ಮಳೆ ನೀರು ಸಮುದ್ರಕ್ಕೆ ಹೋಗೋ ಮುಂಚೆ ನಿಲ್ಲೋ ಜಾಗ ಅದು; ಅದನ್ನ ತುಂಬಿಸಿದಷ್ಟೂ ನೀರು ನಮ್ಮ ಬೇಸ್‌ಮೆಂಟ್ ಕಡೆ ತಿರುಗುತ್ತೆ ಅಂದ್ರೆ ಮಾತು ಮುಂದುವರಿಯುತ್ತೆ. ಏಡಿ, ಕಪ್ಪೆ, ಕೆಸರು ಇವನ್ನ ಮಗಳು ಅನ್ನೋಕೆ ಜನ ಒಪ್ಪೋದು ಕಷ್ಟ. ಅಲ್ಲಿ ಬೇಸ್‌ಮೆಂಟೇ ಸರಿಯಾದ ಮಾತು ಅಂತ ನನ್ನ ಅಭಿಪ್ರಾಯ.

ಇನ್ನೊಂದು. ಆ ಜೌಗಿನ ಅಂಚಲ್ಲಿ ಬದುಕೋರು ನಮ್ಮ ಗ್ರೂಪಲ್ಲಿಲ್ಲ. ಅವರ ಭಾಷೆ ತಮಿಳು. ಮೊರಾರಿ ಬಾಪು ಗುಜರಾತಿಗಳ ಜೊತೆ ಗುಜರಾತಿಯಲ್ಲಿ ಮಾತಾಡಿದ್ರು, ಹೊರಗಿನಿಂದ ಬಂದು ಇಂಗ್ಲಿಷ್ ಸ್ಲೈಡ್ ತೋರಿಸಲಿಲ್ಲ. ಇಲ್ಲಿ ಹೊರಗಿನಿಂದ ಬಂದೋರು ನಾವೇ. ಹಾಗಾಗಿ ನಾನು ತಮಿಳು ಓದೋಕೆ ಕಲೀತಿದ್ದೀನಿ, ಸದ್ಯಕ್ಕೆ ಬಸ್ ಬೋರ್ಡ್‌ವರೆಗೆ ಬಂದಿದ್ದೀನಿ. ಪುಣೆಯವರಿಗೆ ಮರಾಠಿ, ಹೈದರಾಬಾದಿನವರಿಗೆ ತೆಲುಗು. ನಿಮ್ಮೂರಿನ ಕೆರೆ, ಗುಡ್ಡದ ಬಗ್ಗೆ ಅಲ್ಲಿನವರು ಯಾವ ಮಾತಲ್ಲಿ ಹೇಳ್ತಾರೆ ಅಂತ ಕೇಳಿ ನೋಡಿ, ಮುಂದಿನ ಭೇಟಿಯಲ್ಲಿ ಅದನ್ನೇ ಹಂಚಿಕೊಳ್ಳೋಣ.