ಜೀವಕೋಶಗಳ ಅಂಟುನಂಟು

ಮಂಡಿನೋವಿನ ಮಾತು ಬಂದಾಗ ನಮ್ಮಲ್ಲಿ ಹಿರಿಯರು ‘ಮೂಳೆ ಸವೆದಿದೆಯಂತೆ’ ಎನ್ನುವುದುಂಟು. ವಾಸ್ತವವಾಗಿ ಮೊದಲು ಸವೆಯುವುದು ಮೂಳೆಯಲ್ಲ. ಮೂಳೆಯ ತುದಿಗೆ ಹೊದಿಸಿದಂತಿರುವ, ಕೆಲವೇ ಮಿಲಿಮೀಟರು ದಪ್ಪದ ಮೃದ್ವಸ್ಥಿ. ಜಿಗಣಿಯ ಕಲ್ಲಿನ ಕಾರ್ಖಾನೆಗಳಲ್ಲಿ ಗ್ರಾನೈಟ್ ಹಾಸುಗಳನ್ನು ಕನ್ನಡಿಯಂತೆ ನಯಗೊಳಿಸುವುದನ್ನು ತಾವು ಕಂಡಿರಬಹುದು. ಆರೋಗ್ಯವಂತ ಮಂಡಿಯ ಮೃದ್ವಸ್ಥಿ ಅದಕ್ಕಿಂತಲೂ ಸುಲಭವಾಗಿ ಜಾರುತ್ತದೆ. ಕಲ್ಲಾದರೆ ಮತ್ತೆ ಮೆರುಗು ಕೊಡಬಹುದು. ಆದರೆ ಭಾರ ಎತ್ತಿ ಇಳಿಸಿ, ಕುಕ್ಕರಗಾಲಿನಲ್ಲಿ ಕುಳಿತು ದುಡಿಯುವವರ ಮಂಡಿಯಲ್ಲಿ ಈ ಹೊದಿಕೆ ಕಿತ್ತುಹೋದರೆ ಅದು ತಾನಾಗಿ ಕೂಡಿಕೊಳ್ಳುವುದಿಲ್ಲ. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲಿಯೇ ಇದನ್ನು ಗುರುತಿಸಿದ್ದ.

ಕಾರಣವೇನು? ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಅದರ ಬಹುಭಾಗ ನೀರು. ಉಳಿದುದು ಹೆಚ್ಚಾಗಿ ಕೊಲಾಜೆನ್ ಎಂಬ ನಾರು ಮತ್ತು ನೀರನ್ನು ಹಿಡಿದಿಡುವ ಪ್ರೋಟಿಯೋಗ್ಲೈಕಾನ್ ಎಂಬ ವಸ್ತು. ಇವನ್ನು ನಿರ್ಮಿಸಿದ ಜೀವಕೋಶಗಳು ಸಂಖ್ಯೆಯಲ್ಲಿ ಅತ್ಯಲ್ಪ. ಒಂದೊಂದೂ ತಾನೇ ಕಟ್ಟಿದ ಗೂಡಿನೊಳಗೆ ಬಂದಿಯಾಗಿರುತ್ತದೆ. ಗಾಯವಾದ ಕಡೆಗೆ ಓಡಿಬರುವ ಶಕ್ತಿ ಅದಕ್ಕಿಲ್ಲ.

ಹಾಗಾದರೆ ಹೊಸ ಕೋಶಗಳನ್ನು ಬೆಳೆಸಿ ಅಲ್ಲಿ ನೆಟ್ಟರೆ ಆಗದೇ? ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಬ್ರಿಟ್‌ಬರ್ಗ್ ಮತ್ತು ಸಂಗಡಿಗರು ಅದನ್ನೇ ಮಾಡಿದರು. ರೋಗಿಯದೇ ಮೃದ್ವಸ್ಥಿಯ ಚೂರಿನಿಂದ ಕೋಶಗಳನ್ನು ತೆಗೆದು, ಪ್ರಯೋಗಶಾಲೆಯಲ್ಲಿ ವೃದ್ಧಿಪಡಿಸಿ, ಮತ್ತೆ ಮಂಡಿಗೆ ಸೇರಿಸಿದರು. 23 ಮಂದಿಯ ಅನುಭವವನ್ನು 1994ರಲ್ಲಿ ಪ್ರಕಟಿಸಿದರು. ತೊಡೆಮೂಳೆಯ ತುದಿಯಲ್ಲಿ ಚಿಕಿತ್ಸೆ ಪಡೆದ 16 ಮಂದಿಯಲ್ಲಿ 14 ಮಂದಿಗೆ ಒಳ್ಳೆಯ ಗುಣ ಕಂಡಿತು. ಮಂಡಿಚಿಪ್ಪಿನಲ್ಲಿ ಪಡೆದ 7 ಮಂದಿಯಲ್ಲಿ ಇಬ್ಬರಿಗೆ ಮಾತ್ರ.

ಈ ದಾರಿಯಲ್ಲಿ ಒಂದು ತೊಡಕಿದೆ. ಗಾಜಿನ ಇಲ್ಲವೆ ಪ್ಲಾಸ್ಟಿಕ್ಕಿನ ತಟ್ಟೆಯ ಮೇಲೆ ಬೆಳೆಸಿದಾಗ ಈ ಕೋಶಗಳು ತಟ್ಟೆಗೆ ಅಂಟಿಕೊಂಡು ಹರಡುತ್ತವೆ. ಗೂಡಿನಲ್ಲಿ ಮುದ್ದೆಯಂತೆ ದುಂಡಗಿದ್ದುದು ಇಲ್ಲಿ ರೊಟ್ಟಿಯಂತೆ ಚಪ್ಪಟೆಯಾಗುತ್ತದೆ. ರೂಪದೊಡನೆ ವೃತ್ತಿಯೂ ಬದಲಾಗುತ್ತದೆ: ಮೃದ್ವಸ್ಥಿಗೆ ಬೇಕಾದ ಎರಡನೆಯ ಬಗೆಯ ಕೊಲಾಜೆನ್ನನ್ನು ಬಿಟ್ಟು, ಗಾಯದ ಕಲೆಯಲ್ಲಿ ಕಾಣುವ ಮೊದಲನೆಯ ಬಗೆಯ ಒರಟು ನಾರನ್ನು ಹೆಣೆಯತೊಡಗುತ್ತದೆ. 1982ರಲ್ಲಿ ಬೆನ್ಯಾ ಮತ್ತು ಶ್ಯಾಫರ್ ಎಂಬಿಬ್ಬರು ಹೀಗೆ ದಾರಿ ತಪ್ಪಿದ ಮೊಲದ ಕೋಶಗಳನ್ನು ಅಗರೋಸ್ ಎಂಬ ಲೋಳೆಯಲ್ಲಿ ತೇಲಿಸಿಟ್ಟರು. ಅಂಟಿಕೊಳ್ಳಲು ನೆಲೆ ಸಿಗದ ಕೋಶಗಳು ಮತ್ತೆ ದುಂಡಾದವು. ಮರೆತ ಕಸುಬನ್ನು ಮತ್ತೆ ಹಿಡಿದವು.

ಅಂಟಿಕೆಯೇ ಶತ್ರುವೆಂದು ಇದರಿಂದ ತೀರ್ಮಾನಿಸಿದರೆ ಅದು ಅರ್ಧ ಸತ್ಯ. ಭ್ರೂಣದಲ್ಲಿ ಕೈಕಾಲು ಮೂಡುವಾಗ, ಚದುರಿದ್ದ ಕೋಶಗಳು ಮೊದಲು ಒಟ್ಟುಗೂಡಿ ಗುಂಪಾಗುತ್ತವೆ. ಆಗ ಅವುಗಳ ಮೈಮೇಲೆ ಎನ್-ಕ್ಯಾಡ್ಹೆರಿನ್ ಎಂಬ ಪ್ರೋಟೀನು ಕಾಣಿಸಿಕೊಂಡು ಕೋಶಕ್ಕೆ ಕೋಶವನ್ನು ಬೆಸೆಯುತ್ತದೆ. ಕೋಳಿಯ ಭ್ರೂಣದಲ್ಲಿ ಈ ಬೆಸುಗೆಯನ್ನು ತಡೆದರೆ ಮೃದ್ವಸ್ಥಿ ಸರಿಯಾಗಿ ಮೂಡುವುದಿಲ್ಲವೆಂದು ಓಬರ್‌ಲೆಂಡರ್ ಮತ್ತು ಟುವಾನ್ 1994ರಲ್ಲಿ ತೋರಿಸಿದರು. ಇನ್ನೂ ಸ್ವಾರಸ್ಯವೆಂದರೆ, ಗುಂಪು ಕೂಡಿದ ಮೇಲೆ ಈ ಪ್ರೋಟೀನು ಹಿಂದೆ ಸರಿಯಬೇಕು. ಹಿಡಿತ ಸಡಿಲದಿದ್ದರೆ ಆಗಲೂ ಮೃದ್ವಸ್ಥಿಯ ರಚನೆಗೆ ಅಡ್ಡಿಯೇ. ಕೂಡುವ ಕಾಲಕ್ಕೆ ಕೂಡಬೇಕು, ಬಿಡುವ ಕಾಲಕ್ಕೆ ಬಿಡಬೇಕು.

ಅಂಗಾಂಶವನ್ನು ಕೃತಕವಾಗಿ ಕಟ್ಟುವವರಿಗೆ ಈ ಕಾಲಜ್ಞಾನವೇ ಮುಖ್ಯ ಪಾಠ. ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರೇ ಕೊಂಡಿಗಳ ಸರಣಿಯೊಂದು ಕೋಶಗಳಿಗೆ ಹಿಡಿಗೊಕ್ಕೆಯಾಗುತ್ತದೆಂದು 1984ರಲ್ಲಿ ತಿಳಿದಾಗ, ಕೃತಕ ಆಧಾರಗಳಿಗೆಲ್ಲ ಅದನ್ನು ಪೋಣಿಸುವ ಉತ್ಸಾಹ ಹುಟ್ಟಿತು. ಆದರೆ 2007ರಲ್ಲಿ ಕಾನೆಲಿ ಮತ್ತು ಸಹೋದ್ಯೋಗಿಗಳು ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಲೋಳೆಯಲ್ಲಿ ದನದ ಅಸ್ಥಿಮಜ್ಜೆಯ ಕೋಶಗಳನ್ನಿಟ್ಟು ನೋಡಿದಾಗ, ಕೊಕ್ಕೆಗಳು ಹೆಚ್ಚಿದಷ್ಟೂ ಮೃದ್ವಸ್ಥಿಯ ರಚನೆ ಕುಗ್ಗಿತು.

ಇದು ಪ್ರಯೋಗಶಾಲೆಯ ಒಳಮಾತೆಂದು ತಳ್ಳಿಹಾಕುವಂತಿಲ್ಲ. ‘ಒಂದು ಚುಚ್ಚುಮದ್ದು ಹಾಕಿಸಿಕೊಳ್ಳಿ, ಮೃದ್ವಸ್ಥಿ ಬೆಳೆಯುತ್ತದೆ’ ಎಂಬ ಆಶ್ವಾಸನೆಗೆ ದುಡಿಮೆಯ ಹಣ ಸುರಿಯುವವರಿದ್ದಾರೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯವರು ಅಸ್ಥಿಮಜ್ಜೆಯ ಕಾಂಡಕೋಶಗಳಿಂದ ಸಿದ್ಧಪಡಿಸಿದ ಔಷಧಕ್ಕೆ ಮಂಡಿಯ ಸಂಧಿವಾತದಲ್ಲಿ ಬಳಸಲು 2022ರಲ್ಲಿ ಭಾರತದ ಔಷಧ ನಿಯಂತ್ರಕರ ಅನುಮತಿ ದೊರೆತಿದೆ. ಪರೀಕ್ಷೆಯಲ್ಲಿ ಕಂಡ ಮುಖ್ಯ ಲಾಭ ನೋವು ಮತ್ತು ಬಿಗಿತದ ಶಮನ. ಅದು ಸಣ್ಣ ಲಾಭವಲ್ಲ. ಆದರೆ ಸವೆದುಹೋದ ಹೊದಿಕೆಯನ್ನು ಹೊಸದಾಗಿ ನೇಯುವುದು ಬೇರೆಯೇ ಕೆಲಸ; ದ್ರವದಲ್ಲಿ ತೇಲಿಬಂದ ಕೋಶಗಳು ಎಲ್ಲಿ ನಿಲ್ಲಬೇಕು, ಯಾವುದನ್ನು ಹಿಡಿಯಬೇಕು, ಎಂದು ಬಿಡಬೇಕು ಎಂಬುದೆಲ್ಲ ಅಲ್ಲಿ ಇತ್ಯರ್ಥವಾಗಬೇಕು. ಆದ್ದರಿಂದ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಎರಡು: ಈ ಔಷಧಕ್ಕೆ ಅನುಮತಿ ಉಂಟೇ? ಇದು ನೋವನ್ನು ಇಳಿಸುವುದೋ, ಮೃದ್ವಸ್ಥಿಯನ್ನು ಕಟ್ಟುವುದೋ?

ಅಲ್ಲಿಯವರೆಗೆ ಇರುವುದನ್ನು ಕಾಪಾಡಿಕೊಳ್ಳುವ ದಾರಿಗಳು ಹತ್ತಿರದಲ್ಲಿಯೇ ಇವೆ. ಜಿಗಣಿ ಬಳಿಯ ಪ್ರಶಾಂತಿ ಕುಟೀರದ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು ಪಾಲುಗೊಂಡು, 250 ಮಂದಿ ಮಂಡಿರೋಗಿಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭೌತಚಿಕಿತ್ಸೆಯೊಡನೆ ಯೋಗ ಮಾಡಿದವರಿಗೆ ನೋವು ಮತ್ತು ಬೆಳಗಿನ ಬಿಗಿತ ಹೆಚ್ಚು ತಗ್ಗಿದ್ದು ಕಂಡುಬಂದಿತು. ಯೋಗವೂ ಮೃದ್ವಸ್ಥಿಯನ್ನು ಹೊಸದಾಗಿ ಬೆಳೆಸಲಾರದು. ಆದರೆ ಮಂಡಿಯನ್ನು ಹಿಡಿದಿರುವ ಸ್ನಾಯುಗಳಿಗೆ ಬಲ ಬರುವುದು, ದೇಹದ ತೂಕ ಇಳಿಯುವುದು, ಭಾರ ಎತ್ತುವವರ ಕೈಗೆ ಒಂದು ಬಂಡಿಯೋ ರಾಟೆಯೋ ಒದಗುವುದು: ಇವು ವಿಜ್ಞಾನ ಮುಂದುವರಿಯುವವರೆಗೆ ಕಾಯಬೇಕಾದ ಕೆಲಸಗಳಲ್ಲ.